ಕಲಬುರಗಿ ಖಾನಾವಳಿಯ ರೊಟ್ಟಿ ಊಟ: ಶುಗರ್, ತೂಕ ಎರಡನ್ನೂ ಹಿಡಿತದಲ್ಲಿ ಇಡಬೇಕಾದವರಿಗೆ ಎಷ್ಟು ಅಂಕ?

ಕಲಬುರಗಿಯ ಸೂಪರ್ ಮಾರ್ಕೆಟ್, ಸ್ಟೇಷನ್ ರಸ್ತೆ, ಬಸ್ ಸ್ಟ್ಯಾಂಡ್ ಸುತ್ತಲಿನ ಖಾನಾವಳಿಗಳಲ್ಲಿ ಮಧ್ಯಾಹ್ನದ ಊಟ ಹೆಚ್ಚುಕಡಿಮೆ ಒಂದೇ ನಮೂನಿ. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಸೊಪ್ಪಿನ ಪಲ್ಯ, ಒಂದು ಕಾಳಿನ ಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಕಡೆಗೆ ಅನ್ನ. ರುಚಿಯಲ್ಲಿ ತಕರಾರಿಲ್ಲ. ಇನ್ಸುಲಿನ್ ರೆಸಿಸ್ಟೆನ್ಸ್ (ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಸ್ಥಿತಿ) ಇದೆ, ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆಯ ಅಂಶ, ಚಿಕ್ಕದಾಗಿ ಕಾರ್ಬ್) ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿ ಕಳಿಸಿದವರು ಈ ತಾಟಿನ ಮುಂದೆ ಕೂತರೆ ಏನು ಗತಿ ಎಂಬುದಷ್ಟೇ ಇಲ್ಲಿಯ ವಿಷಯ.

ತೀರ್ಪು ಮೊದಲೇ ಹೇಳಿಬಿಡೋಣ. ಪಲ್ಯ, ಹಿಂಡಿ, ಮೊಸರಿಗೆ ಪೂರ್ತಿ ಅಂಕ. ರೊಟ್ಟಿ ಪಾಸು, ಆದರೆ ಒಂದೇ ಒಂದಕ್ಕೆ. ಅನ್ನ ಫೇಲು.

ರೊಟ್ಟಿ ಬಗ್ಗೆ ಇಷ್ಟು ಬಿಗಿ ಯಾಕೆ ಅಂದರೆ, ಜೋಳ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಮೊದಲಿಂದಲೂ ಇದೆ. 2023ರ ಸಿರಿಧಾನ್ಯ ವರ್ಷದ ಪ್ರಚಾರದ ನಂತರ ಅದು ಇನ್ನೂ ಗಟ್ಟಿಯಾಯಿತು. ಲೆಕ್ಕ ಬೇರೆಯೇ ಹೇಳುತ್ತದೆ. ನಾರಿನಂಶ ಬಿಟ್ಟು ಎಣಿಸಿದರೂ 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬ್ ಇದೆ. ಗೋಧಿ ಹಿಟ್ಟಿನಲ್ಲಿ 64ರ ಆಸುಪಾಸು, ಅಕ್ಕಿಯಲ್ಲಿ 78. ಅಂದರೆ ಚಪಾತಿ ಬಿಟ್ಟು ರೊಟ್ಟಿಗೆ ಬಂದೆ ಅಂದ ಮಾತ್ರಕ್ಕೆ ಕಾರ್ಬ್ ಇಳಿಯಲಿಲ್ಲ. ಜೋಳದ ಲಾಭ ಇರುವುದು 100 ಗ್ರಾಂಗೆ 10 ಗ್ರಾಂನಷ್ಟು ನಾರಿನಲ್ಲಿ ಮತ್ತು ಹೊಟ್ಟೆ ತುಂಬಿದಂತಿರುವುದರಲ್ಲಿ.

ಖಾನಾವಳಿಯ ಬಿಸಿ ರೊಟ್ಟಿ ತಾಟಿನಷ್ಟು ಅಗಲ. ಅಂಥದೊಂದಕ್ಕೆ 50ರಿಂದ 60 ಗ್ರಾಂ ಹಿಟ್ಟು ಹೋಗುತ್ತದೆ, ಅಂದರೆ ಒಂದು ರೊಟ್ಟಿಗೆ 35ರಿಂದ 40 ಗ್ರಾಂ ಕಾರ್ಬ್. ಎರಡಕ್ಕೆ 75. ಒಂದು ಬಟ್ಟಲು ಅನ್ನಕ್ಕೆ, 150 ಗ್ರಾಂ ಹಿಡಿದರೆ, ಇನ್ನು 40. ಬ್ಯಾಳಿ, ಕಾಳು, ಎಣ್ಣೆಗಾಯಿ ಸೇರಿ 30-35. ಒಟ್ಟು 150ರ ಹತ್ತಿರ. ಲೋ ಕಾರ್ಬ್ ಅಂತ ಸಾಮಾನ್ಯವಾಗಿ ಕರೆಯುವುದು ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇರುವ ಊಟವನ್ನು. ಇಡೀ ದಿನದ ಪಾಲು ಒಂದೇ ತಾಟಿನಲ್ಲಿ ಮುಗಿದುಹೋಯಿತು, ಬೆಳಗಿನ ಸೂಸಲಾ, ಮಿರ್ಚಿ ಭಜಿ ಲೆಕ್ಕ ಹಿಡಿಯದೆಯೇ.

ಖಡಕ್ ರೊಟ್ಟಿ ಇನ್ನೊಂದು ಬಲೆ. ತೆಳ್ಳಗಿದೆ, ಹಗುರ ಇದೆ, ಏನೂ ತಿಂದಂತೆ ಅನಿಸುವುದಿಲ್ಲ. ಹೋಗಿದ್ದು ನೀರು ಮಾತ್ರ, ಹಿಟ್ಟು ಅಲ್ಲೇ ಇದೆ. 30 ಗ್ರಾಂ ತೂಗುವ ಒಂದರಲ್ಲಿ 20 ಗ್ರಾಂನಷ್ಟು ಕಾರ್ಬ್. ಮೊಸರು, ಹಿಂಡಿ ಹಚ್ಚಿಕೊಂಡು ಕರಕರ ಅಂತ ನಾಲ್ಕು ಮುರಿದರೆ ಎರಡು ಬಿಸಿ ರೊಟ್ಟಿಯ ಲೆಕ್ಕ ಮುಟ್ಟಿ ಸ್ವಲ್ಪ ಮೇಲಕ್ಕೇ ಹೋಗುತ್ತದೆ. ಪಾಕೀಟು ತಂದಿಟ್ಟುಕೊಳ್ಳುವವರು ಒಂದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿಕೊಳ್ಳುವುದು ಒಳ್ಳೆಯದು. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಿಕ್ಕರೆ ಅದು ಕೊಂಚ ವಾಸಿ, 100 ಗ್ರಾಂಗೆ 62ರಷ್ಟು. ವಾಸಿ ಅಷ್ಟೇ, ಲೆಕ್ಕ ತಪ್ಪುವುದಿಲ್ಲ.

ಈ ಊಟದ ನಿಜವಾದ ಬಲ ರೊಟ್ಟಿಯ ಪಕ್ಕದಲ್ಲಿದೆ. ಎಣ್ಣೆಗಾಯಿಯ ಬದನೆಕಾಯಿಯಲ್ಲಿ ಕಾರ್ಬ್ ತೀರಾ ಕಡಿಮೆ, ಒಳಗಿನ ಶೇಂಗಾ, ಎಳ್ಳು, ಗುರೆಳ್ಳಿನಲ್ಲಿ ಪ್ರೋಟೀನು, ಕೊಬ್ಬು ಇದೆ. ಇಲ್ಲಿ ಕೆಡಿಸುವುದು ಬೆಲ್ಲ. ಗೊಜ್ಜು ನಾಲಿಗೆಗೆ ಸಿಹಿ ಹತ್ತಿದರೆ ಕಾಯಿ ತಿಂದು ಗೊಜ್ಜು ಬಿಡಿ. ಮೇಲೆ ತೇಲುವ ಎಣ್ಣೆಯನ್ನು ತೂಕ ಇಳಿಸುವವರು ಬಸಿದು ತಿನ್ನಬೇಕು: ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ. ಕಾರ್ಬ್ ಬಿಟ್ಟೆ, ಆದರೂ ಕಾಟಾ ಇಳಿಯುತ್ತಿಲ್ಲ ಎನ್ನುವವರ ತಾಟಿನಲ್ಲಿ ಬಹಳ ಸಲ ಸಿಗುವ ಕಳ್ಳರು ಇಬ್ಬರೇ, ಈ ಎಣ್ಣೆ ಮತ್ತು ಮುಷ್ಟಿಗಟ್ಟಲೆ ಶೇಂಗಾ.

ಪುಂಡಿ ಪಲ್ಯ ಒಳ್ಳೆಯದು, ಆದರೆ ಕೇಳಿ ಹಾಕಿಸಿಕೊಳ್ಳಿ. ಬ್ಯಾಳಿ ಹಾಕಿ ಮಾಡಿದ್ದಾದರೆ ಸರಿ. ಜೋಳದ ನುಚ್ಚೋ ಅಕ್ಕಿ ನುಚ್ಚೋ ಹಾಕಿ ಗಟ್ಟಿ ಮಾಡಿದ್ದರೆ ಅರ್ಧ ಬಟ್ಟಲು ಸಾಕು. ಕಿಡ್ನಿ ಸ್ಟೋನ್ ಆಗಿದ್ದವರು ಪುಂಡಿ, ಪಾಲಕ ಪದೇ ಪದೇ ತಿನ್ನಬಾರದು, ಮೆಂತೆ ಪಲ್ಯ ಕೇಳಲಿ. ಬ್ಯಾಳಿ ನಮ್ಮ ಜಿಲ್ಲೆಯ ಹೆಮ್ಮೆ, ಇಲ್ಲಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಹಾಗಂತ ಅದು ಬರೀ ಪ್ರೋಟೀನಲ್ಲ: 100 ಗ್ರಾಂ ಒಣ ಬೇಳೆಯಲ್ಲಿ ಪ್ರೋಟೀನು 22 ಗ್ರಾಂ, ಕಾರ್ಬ್ 55 ಗ್ರಾಂ. ಒಂದು ಬಟ್ಟಲು ಇರಲಿ, ಮೂರು ಸಲ ಬಡಿಸಿಕೊಳ್ಳುವುದು ಬೇಡ. ಅಗಸಿ ಹಿಂಡಿ ಇಟ್ಟಿದ್ದರೆ ಶೇಂಗಾ ಹಿಂಡಿ ಬಿಟ್ಟು ಅದನ್ನೇ ತಗೊಳ್ಳಿ.

ಹೇಳುವ ರೀತಿ ಹೀಗೆ: "ಅಕ್ಕಾರ, ರೊಟ್ಟಿ ಒಂದ ಸಾಕ್ರಿ, ಅನ್ನ ಬ್ಯಾಡ, ಪಲ್ಯ ಎರಡೂ ಜಾಸ್ತಿ ಹಾಕ್ರಿ, ಮೊಸರು ಇನ್ನೊಂದು ಬಟ್ಲ." ಕೂತ ಕೂಡಲೇ ಹೇಳಬೇಕು. ಬಡಿಸುವವರು ತಾಟು ಖಾಲಿ ಕಂಡರೆ ಕೇಳದೇ ರೊಟ್ಟಿ ಹಾಕಿ ಹೋಗುತ್ತಾರೆ. ಪ್ರೀತಿಯೇ, ಆದರೆ 37 ಗ್ರಾಂ. ಅನ್ನದ ಬದಲು ಮೊಸರು ಕೊಡಲು ಬಹುತೇಕರು ಒಪ್ಪುತ್ತಾರೆ. ತಿನ್ನುವ ಕ್ರಮವೂ ಮುಖ್ಯ: ಮೊದಲು ಸೌತೆಕಾಯಿ, ಸೊಪ್ಪು, ಆಮೇಲೆ ಕಾಳು, ಮೊಸರು, ರೊಟ್ಟಿ ಕೊನೆಗೆ. ಅದೇ ಊಟವನ್ನು ಈ ಕ್ರಮದಲ್ಲಿ ಉಂಡರೆ ಶುಗರ್ ಏರುವುದು ಕಡಿಮೆ. ಒಂದು ರೊಟ್ಟಿ ಕಡಿಮೆ ಮಾಡಿ ಅನ್ನ ಬಿಟ್ಟರೆ ತಾಟು 70-75 ಗ್ರಾಂ ಕಾರ್ಬ್‌ಗೆ ಇಳಿಯುತ್ತದೆ. ಇನ್ನೂ ಕಟ್ಟುನಿಟ್ಟು ಬೇಕಾದವರು ಅರ್ಧ ರೊಟ್ಟಿಗೆ ನಿಲ್ಲಲಿ. ತತ್ತಿ ತಿನ್ನುವವರು ಮನೆಯಿಂದ ಎರಡು ಕುದಿಸಿ ತಂದುಕೊಂಡರೆ ಅರ್ಧ ರೊಟ್ಟಿಯಲ್ಲೇ ಸಂಜೆವರೆಗೆ ನಡೆಯುತ್ತದೆ.

ಒಗ್ಗಿತೋ ಇಲ್ಲವೋ ಅನ್ನುವುದನ್ನು ಗ್ಲುಕೋಮೀಟರ್ ಹೇಳುತ್ತದೆ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ತಾಸಿಗೆ ಒಮ್ಮೆ. ಎರಡು ತಾಸಿನ ಅಂಕಿ (mg/dL ಲೆಕ್ಕದಲ್ಲಿ) ಡಯಾಬಿಟಿಸ್ ಇನ್ನೂ ಬಂದಿರದವರಿಗೆ 140ರ ಒಳಗೆ, ಬಂದವರಿಗೆ 180ರ ಒಳಗೆ ಇರಬೇಕು. ಬೆರಳು ಚುಚ್ಚುವ ಮುಂಚೆ ಸಾಬೂನು ಹಚ್ಚಿ ಕೈ ತೊಳೆದು ಒರೆಸಿಕೊಳ್ಳಿ. ಬೆರಳ ತುದಿಯಲ್ಲಿ ಉಳಿದ ಗೊಜ್ಜಿನ ಬೆಲ್ಲವೇ ಅಂಕಿ ಏರಿಸಿ ತೋರಿಸುತ್ತದೆ. ಸ್ಟ್ರಿಪ್ ಡಬ್ಬಿಗೆ ಸಾಮಾನ್ಯವಾಗಿ 30 ಡಿಗ್ರಿ ಮೇಲಿನ ಮಿತಿ. ನಮ್ಮ ಬೇಸಿಗೆ 40 ದಾಟುತ್ತದೆ, ಹಾಗಾಗಿ ಗಾಡಿಯ ಡಿಕ್ಕಿಯಲ್ಲಿ ಅದನ್ನು ಇಡಲೇಬೇಡಿ.

ಶುಗರ್ ಮಾತ್ರೆ ಇಲ್ಲವೇ ಇನ್ಸುಲಿನ್ ತಗೊಳ್ಳುವವರು ಒಂದೇ ಸಲಕ್ಕೆ ಎರಡು ರೊಟ್ಟಿ, ಅನ್ನ ಬಿಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆಯನ್ನು ಅದೇ ಡೋಸಿನಲ್ಲಿ ಇಟ್ಟುಕೊಂಡು ಕಾರ್ಬ್ ಕಡಿದರೆ ಶುಗರ್ 70ಕ್ಕಿಂತ ಕೆಳಗೆ ಬಿದ್ದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಡಾಪಾಗ್ಲಿಫ್ಲೋಜಿನ್ ತರಹದ ಶುಗರ್ ಮಾತ್ರೆ ಇದ್ದವರಿಗೆ ಕಾರ್ಬ್ ತೀರಾ ಕಡಿಮೆಯಾದರೆ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಗಂಭೀರ ಸ್ಥಿತಿ) ಅಪಾಯ ಇದೆ, ಅದೂ ಶುಗರ್ ಹೆಚ್ಚು ತೋರಿಸದೆಯೇ. ಬಿಪಿ ಮಾತ್ರೆಯನ್ನೂ ಕಡಿಮೆ ಮಾಡಬೇಕಾಗಿ ಬರಬಹುದು. ಕಾರ್ಬ್ ಬಿಟ್ಟ ಮೊದಲ ವಾರ ಮೈಯಿಂದ ನೀರು, ಉಪ್ಪು ಎರಡೂ ಹೆಚ್ಚು ಹೋಗುತ್ತವೆ. ಬಿಪಿ, ಕಿಡ್ನಿ ತೊಂದರೆ ಇಲ್ಲದವರಿಗೆ ಖಾನಾವಳಿಯ ಉಪ್ಪು ಹಾಕಿದ ಮಜ್ಜಿಗೆ ಆಗ ಒಳ್ಳೆ ಔಷಧ.

ಪಾರ್ಸೆಲ್ ಬಗ್ಗೆ ಒಂದು ದೂರು ಇದೆ. ಅನ್ನ ಬೇಡ ಅಂದರೂ ಕಟ್ಟಿ ಕೊಡುತ್ತಾರೆ, ಪಲ್ಯ ಮಾತ್ರ ಸಣ್ಣ ಪಾಕೀಟು. ಪೂರ್ತಿ ಊಟದ ಪಾರ್ಸೆಲ್ ಹೇಳುವ ಬದಲು ಬಿಡಿ ಪಲ್ಯ ಎರಡು, ಮೊಸರು, ಒಂದು ರೊಟ್ಟಿ ಅಂತ ಬೇರೆ ಬೇರೆಯಾಗಿ ಕೇಳಿ. ಹಬ್ಬದ ದಿನ ಹುಗ್ಗಿ, ಶೇಂಗಾ ಹೋಳಿಗೆ ಇದ್ದರೆ ಅದನ್ನೂ ಪೊಟ್ಟಣದಲ್ಲಿ ಸೇರಿಸಿಬಿಡುತ್ತಾರೆ, ಬಿಲ್ ಕೊಡುವ ಮುಂಚೆ ಬಿಚ್ಚಿ ನೋಡಿಕೊಳ್ಳಿ.