ಬೋರ್ಡಿನ ಸರ್, ಬ್ಯಾಂಕಿನ ಮೇಡಂ: ಇಬ್ಬರ ಹತ್ತಿರವೂ ಎಕನಾಮಿಕ್ಸ್ ಕಲಿತ ಮೇಲೆ

ಎಂ.ಎ. ಓದುವಾಗ ‘ಹಣ ಮತ್ತು ಬ್ಯಾಂಕಿಂಗ್’ ಪೇಪರನ್ನು ನಮಗೆ ಇಬ್ಬರು ಹಂಚಿಕೊಂಡು ಪಾಠ ಮಾಡಿದರು. ಮೊದಲರ್ಧ ತಗೊಂಡ ಸರ್, ಪಿಎಚ್‌ಡಿ ಮುಗಿಸಿದ ದಿನದಿಂದ ವಿಶ್ವವಿದ್ಯಾಲಯದಲ್ಲೇ ಇದ್ದವರು. ಉಳಿದರ್ಧ ತಗೊಂಡ ಮೇಡಂ 20 ವರ್ಷ ಬ್ಯಾಂಕಿನಲ್ಲಿ ದುಡಿದವರು. ಮೊದಲು ಸಾಲದ ವಿಭಾಗ, ಆಮೇಲೆ ಟ್ರೆಷರಿ, ಅಂದರೆ ಬ್ಯಾಂಕಿಗೆ ಬೇಕಾದ ಹಣ ಹೊಂದಿಸುವ ವಿಭಾಗ. ಹೊರಗೆ ಕೆಲಸ ಮಾಡಿ ಬಂದವರ ಪಾಠವೇ ಮೇಲು ಅಂತ ತುಂಬ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಬ್ಯಾಂಕು ಹಣ ಹುಟ್ಟಿಸುವುದು ಹೇಗೆ ಅನ್ನುವ ಒಂದೇ ವಿಷಯ ಸಾಕು, ಇಬ್ಬರ ನಡುವಿನ ವ್ಯತ್ಯಾಸ ಕಾಣಲು.

ಸರ್ ಬೋರ್ಡಿನ ಮೇಲೆ ಬರೆದದ್ದು ಬಹಳಷ್ಟು ಪಠ್ಯಪುಸ್ತಕಗಳಲ್ಲಿ ಇರುವ ಲೆಕ್ಕ. 100 ಠೇವಣಿ ಬಂತು. ಬ್ಯಾಂಕು ಶೇ. 10 ಮೀಸಲು ಇಟ್ಟು 90 ಸಾಲ ಕೊಟ್ಟಿತು. ಆ 90 ಇನ್ನೊಂದು ಬ್ಯಾಂಕಿಗೆ ಠೇವಣಿಯಾಗಿ ಹೋಯಿತು, ಅಲ್ಲಿಂದ 81 ಸಾಲ ಹೊರಟಿತು. ಹೀಗೇ ಹೋಗಿ ಕೊನೆಗೆ ಒಟ್ಟು ಠೇವಣಿ 1000. ಎಷ್ಟು ಅಚ್ಚುಕಟ್ಟು ಅಂದರೆ, ಒಮ್ಮೆ ಕೇಳಿದವರು ಮರೆಯುವ ಹಾಗೇ ಇಲ್ಲ. ಪರೀಕ್ಷೆಯಲ್ಲಿ ಇದಕ್ಕೆ ನನಗೆ ಪೂರ್ತಿ ಅಂಕ ಬಂತು.

ಮೇಡಂ ಮೊದಲ ದಿನವೇ ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು. ಎಡಕ್ಕೆ ಆಸ್ತಿ, ಬಲಕ್ಕೆ ಹೊಣೆ (ಬ್ಯಾಂಕು ಬೇರೆಯವರಿಗೆ ಕೊಡಬೇಕಾದದ್ದು), ನಡುವೆ ಒಂದು ಗೆರೆ. ‘ಈಗ ನೀವೇ ಬ್ಯಾಂಕು. ಒಬ್ಬ ಗ್ರಾಹಕರಿಗೆ 500 ಸಾಲ ಕೊಡಿ. ಬರೀರಿ’ ಅಂದರು. ನಾನು ಆಸ್ತಿಯ ಕಡೆ ಸಾಲ 500 ಅಂತ ಬರೆದು, ನಗದಿನಲ್ಲಿ 500 ಕಳೆದೆ. ಅವರು ನನ್ನ ಡೆಸ್ಕಿನ ಹತ್ತಿರ ಬಂದು, ಪೆನ್ಸಿಲ್ ತಗೊಂಡು ಆ ಕಳೆದದ್ದನ್ನು ಹೊಡೆದು ಹಾಕಿದರು. ‘ನಗದು ಯಾಕೆ ಮುಟ್ಟಿದ್ರಿ? ಹೊಣೆಯ ಕಡೆ ಅವರ ಖಾತೆಯಲ್ಲಿ ಠೇವಣಿ 500 ಅಂತ ಬರೀರಿ. ಅಷ್ಟೇ. ಸಾಲ ಹುಟ್ಟಿದ ಗಳಿಗೆಯಲ್ಲೇ ಠೇವಣಿಯೂ ಹುಟ್ಟಿತು.’

ಕ್ಲಾಸು ಸುಮ್ಮನಾಯಿತು. ಠೇವಣಿ ಮೊದಲು, ಸಾಲ ಆಮೇಲೆ ಅಂತ ಕಲಿತವರಲ್ವಾ ನಾವು.

ಸಾಲ ಮಂಜೂರು ಮಾಡುವಾಗ ಮೀಸಲು ಎಷ್ಟಿದೆ ಅಂತ ತಾವು ಒಂದು ದಿನವೂ ಯಾರನ್ನೂ ಕೇಳಿದ್ದಿಲ್ಲ ಅಂದರು ಮೇಡಂ. ನೋಡುತ್ತಿದ್ದದ್ದು ಬೇರೆ: ಈ ಮನುಷ್ಯ ತೀರಿಸುತ್ತಾನಾ, ಅಡಮಾನ ಏನಿದೆ, ನಷ್ಟವಾದರೆ ತಡೆಯುವಷ್ಟು ಬಂಡವಾಳ ಬ್ಯಾಂಕಿಗೆ ಇದೆಯಾ. ಗ್ರಾಹಕ ಆ 500ನ್ನು ನಗದಾಗಿ ತೆಗೆದಾಗ ಅಥವಾ ಬೇರೆ ಬ್ಯಾಂಕಿನವರಿಗೆ ಕೊಟ್ಟಾಗ ಮೀಸಲು ಬೇಕಾಗುತ್ತದೆ. ಅದನ್ನು ಹೊಂದಿಸುವುದು ಟ್ರೆಷರಿಯ ಕೆಲಸ, ಎಷ್ಟು ಬಡ್ಡಿಗೆ ಸಿಗುತ್ತದೆ ಅನ್ನುವುದೇ ಅಲ್ಲಿಯ ಚಿಂತೆ. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ. 2020ರ ಮಾರ್ಚಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ ಕಡ್ಡಾಯ ಮೀಸಲನ್ನು ಸೊನ್ನೆಗೆ ಇಳಿಸಿತು. ನಾವು ಕಲಿತ ಸರಳ ಸೂತ್ರ: ಒಂದನ್ನು ಮೀಸಲಿನ ಪಾಲಿನಿಂದ ಭಾಗಿಸಿದರೆ ಠೇವಣಿ ಎಷ್ಟು ಪಟ್ಟು ಆಗುತ್ತದೆ ಅಂತ ಸಿಗುತ್ತದೆ. ಅದರಲ್ಲಿ ಒಂದನ್ನು ಸೊನ್ನೆಯಿಂದ ಭಾಗಿಸಿ ನೋಡಿ. ಹಣಕ್ಕೆ ಮಿತಿಯೇ ಇರಬಾರದಿತ್ತು. ಹಾಗೇನೂ ಆಗಲಿಲ್ಲ.

ಈ ವಿಷಯದಲ್ಲಿ ಮೇಡಂ ಪಾಠಕ್ಕೆ ಸಾಟಿ ಇಲ್ಲ. ಅನುಭವವನ್ನು ಕಥೆಯಾಗಿ ಹೇಳದೆ, ನಾನೇ ಕೈಯಾರೆ ಬರೆದು ತಪ್ಪುವ ಹಾಗೆ ಮಾಡಿದರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಆದರೆ ಇನ್ನೊಂದು ದಿನ ಮೇಡಂ ಹೀಗೆ ಹೇಳಿದರು: ‘ಬಡ್ಡಿ ಏರಿದರೆ ಸಾಲ ಕೇಳುವವರು ಕಡಿಮೆ ಆಗ್ತಾರೆ ಅನ್ನುತ್ತೆ ಪುಸ್ತಕ. ನನ್ನ ಶಾಖೆಯಲ್ಲಿ ಬಡ್ಡಿ ಏರಿದಾಗಲೆಲ್ಲ ಅರ್ಜಿಗಳು ಜಾಸ್ತಿಯೇ ಬಂದವು.’ ನಾವೆಲ್ಲ ಅದನ್ನು ಹಾಗೇ ಬರೆದುಕೊಂಡೆವು. ನಾನು ಅದನ್ನೇ ಸರ್ ಹತ್ತಿರ ಒಯ್ದು ಕೇಳಿದೆ. ಅವರು ಬೇಡಿಕೆ, ಪೂರೈಕೆಯ ಎರಡು ಗೆರೆ ಎಳೆದರು, ಆಮೇಲೆ ಬೇಡಿಕೆಯ ಗೆರೆಯನ್ನು ಬಲಕ್ಕೆ ಸರಿಸಿದರು. ವ್ಯಾಪಾರ ಬಿರುಸಾಗಿ, ಬೆಲೆಗಳು ಏರತೊಡಗಿದಾಗಲೇ ಕೇಂದ್ರ ಬ್ಯಾಂಕು ಬಡ್ಡಿ ಏರಿಸುವುದು. ಆ ಹೊತ್ತಿಗೆ ಸಾಲ ಕೇಳುವವರೂ ಜಾಸ್ತಿ ಆಗಿರುತ್ತಾರೆ. ‘ಮೇಡಂ ಕಂಡದ್ದು ನಿಜ. ಬಡ್ಡಿ ಏರದೇ ಇದ್ದಿದ್ದರೆ ಅರ್ಜಿ ಇನ್ನೆಷ್ಟು ಬರುತ್ತಿತ್ತು ಅನ್ನೋದು ಶಾಖೆಯಲ್ಲಿ ಕೂತವರಿಗೆ ಕಾಣೋದಿಲ್ಲ’ ಅಂದರು. ಕಣ್ಣಾರೆ ಕಂಡದ್ದನ್ನೂ ಹೀಗೆ ಪ್ರಶ್ನಿಸಬಹುದು ಅಂತ ಕಲಿಸಿದವರು ಸರ್. ಅಂಕಿ ಅಂಶ ಮುಂದೆ ಬಂದಾಗಲೆಲ್ಲ ನನಗೆ ಆ ಎರಡು ಗೆರೆ ನೆನಪಾಗುತ್ತವೆ.

ಟಿಪ್ಪಣಿ, ಸಿಲಬಸ್ ಮುಗಿಸುವುದು, ಪರೀಕ್ಷೆಯ ತಯಾರಿ ಎಲ್ಲದರಲ್ಲೂ ಸರ್ ಮುಂದೆ. ಸಂದರ್ಶನಕ್ಕೆ ಹೋದಾಗ ಮಾತಾಡಲು ಧೈರ್ಯ ಕೊಟ್ಟದ್ದು ಮೇಡಂ ಪಾಠ.

ಮೂರನೆಯ ಬಗೆಯವರೂ ಇದ್ದರು: ದೊಡ್ಡ ಹುದ್ದೆಯಿಂದ ಒಂದು ಗಂಟೆಗೆ ಬಂದು ಭಾಷಣ ಮಾಡಿ ಹೋಗುವವರು. ಅಂಥ ನಾಲ್ಕೈದು ಕೇಳಿದ್ದೇನೆ. ಒಂದೂ ಉಳಿದಿಲ್ಲ. ನಮ್ಮ ಹಾಳೆ ತಿದ್ದದವರ ಅನುಭವ ನಮಗೆ ಹೇಗೆ ದಾಟಬೇಕು?

ಕೆಲಸ ಬೇರೆ, ಸಿದ್ಧಾಂತ ಬೇರೆ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಡೇವಿಡ್ ರಿಕಾರ್ಡೊ ಷೇರು, ಬಾಂಡ್ ವ್ಯಾಪಾರದಲ್ಲಿ ದುಡ್ಡು ಮಾಡಿದವರು. 1817ರಲ್ಲಿ ಅವರು ಬಟ್ಟೆ, ವೈನ್ ಹಿಡಿದುಕೊಂಡು ಬರೀ ನಾಲ್ಕು ಅಂಕಿಯಲ್ಲಿ ವಿವರಿಸಿದ ತುಲನಾತ್ಮಕ ಲಾಭದ ತತ್ವವನ್ನು (ಪ್ರತಿ ದೇಶವೂ ತನಗೆ ಹೋಲಿಕೆಯಲ್ಲಿ ಅಗ್ಗವಾಗಿ ಬರುವುದನ್ನು ಮಾಡಿ ಮಾರಿದರೆ ಎರಡಕ್ಕೂ ಲಾಭ) ಇವತ್ತಿಗೂ ಪಾಠ ಮಾಡುತ್ತಾರೆ. ಬಿಲ್ ಫಿಲಿಪ್ಸ್ ಎಂಜಿನಿಯರ್ ಆಗಿದ್ದವರು. 1949ರಲ್ಲಿ ಇಡೀ ಅರ್ಥವ್ಯವಸ್ಥೆಯನ್ನು ಕೊಳವೆಗಳಲ್ಲಿ ನೀರು ಹರಿಸಿ ತೋರಿಸುವ ಯಂತ್ರ ಕಟ್ಟಿದರು. ನಿರುದ್ಯೋಗ ಮತ್ತು ಕೂಲಿ ಏರಿಕೆಯ ಸಂಬಂಧ ತೋರಿಸುವ ಫಿಲಿಪ್ಸ್ ರೇಖೆ ಬಂದದ್ದು ಆಮೇಲೆ, 1958ರಲ್ಲಿ.

ಸರ್ ಎಳೆದ ಗೆರೆಗಳನ್ನು ಮೇಡಂಗೆ ತೋರಿಸಿದೆ. ತುಂಬ ಹೊತ್ತು ನೋಡಿದರು. ಮುಂದಿನ ಕ್ಲಾಸಿನಲ್ಲಿ ತಾವೇ ಮಾತು ತೆಗೆದು, ‘ಅವತ್ತು ನಾನು ಹೇಳಿದ್ದು ಅರ್ಧ. ಅರ್ಜಿ ಜಾಸ್ತಿ ಬಂತು, ನಿಜ. ಆದರೆ ಆ ದಿನಗಳಲ್ಲಿ ನಾವು ತಿರಸ್ಕರಿಸಿದ್ದೂ ಜಾಸ್ತಿ’ ಅಂದರು. ಬಡ್ಡಿ ಜಾಸ್ತಿ ಇದ್ದಾಗಲೂ ಸಾಲಕ್ಕೆ ಬರುವವರಲ್ಲಿ ಅಪಾಯಕ್ಕೆ ಹೆದರದವರೇ ಹೆಚ್ಚು, ಹಾಗಾಗಿ ಬ್ಯಾಂಕು ಬಡ್ಡಿಯನ್ನು ಇನ್ನೂ ಏರಿಸುವ ಬದಲು ಸಾಲವನ್ನೇ ನಿರಾಕರಿಸುತ್ತದೆ ಅಂತ ವಿವರಿಸಿದರು. ಸರ್ ಎಳೆದ ಎರಡು ಗೆರೆಗಳಲ್ಲಿ ಈ ಸಂಗತಿ ಇರಲಿಲ್ಲ.

ಒಬ್ಬರನ್ನೇ ಆರಿಸಬೇಕು ಅಂದರೆ ಸೂಕ್ಷ್ಮ ಅರ್ಥಶಾಸ್ತ್ರಕ್ಕೆ, ಎಕನಾಮೆಟ್ರಿಕ್ಸ್‌ಗೆ (ಅಂಕಿ ಅಂಶದಿಂದ ಅರ್ಥಶಾಸ್ತ್ರ ಪರೀಕ್ಷಿಸುವ ವಿಷಯ) ನಾನು ಸರ್ ಕ್ಲಾಸಿಗೆ ಹೋಗುತ್ತೇನೆ. ಹಣ, ಬ್ಯಾಂಕಿಂಗ್ ಆದರೆ ಮೇಡಂ ಕ್ಲಾಸಿಗೆ. ಇಬ್ಬರೂ ಸಿಗುವ ಹಾಗಿದ್ದರೆ ಮೊದಲು ಸರ್, ಆಮೇಲೆ ಮೇಡಂ. ಬೋರ್ಡಿನ ಲೆಕ್ಕ ಗೊತ್ತಿದ್ದದ್ದಕ್ಕೇ ಆ ಪೆನ್ಸಿಲ್ ಗೆರೆ ನನಗೆ ಅಷ್ಟು ತಾಗಿತು.