ಎಡ್‌ಸಿಮ್51: ಇಂಟರಪ್ಟ್ ಕಣ್ಣಾರೆ ನೋಡಿ ಕಲಿಯಲು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಹುಡುಗರು 8051 ಮೈಕ್ರೋಕಂಟ್ರೋಲರಿನಲ್ಲಿ ಎಲ್‌ಇಡಿ ಮಿನುಗಿಸುವವರೆಗೆ ಸಲೀಸಾಗಿ ಬರುತ್ತಾರೆ. ಇಂಟರಪ್ಟ್ (ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದು ಬೇರೆ ಕೆಲಸಕ್ಕೆ ಕರೆಯುವ ಸೂಚನೆ) ಅಂದಕೂಡಲೇ ತಡವರಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಟ್ರೈನರ್ ಕಿಟ್ ಮೇಲೆ ಪ್ರೋಗ್ರಾಂ ಎಲ್ಲಿ ದಾರಿ ತಪ್ಪಿತೆಂದು ನೋಡುವ ಕಿಂಡಿಯೇ ಇರುವುದಿಲ್ಲ. 8051ನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಸಿಮ್ಯುಲೇಟರ್ ಎಡ್‌ಸಿಮ್51ರಲ್ಲಿ ಆ ಕಿಂಡಿ ಇದೆ. ದುಡ್ಡು ಕೊಡಬೇಕಿಲ್ಲ, ಜಾವಾ ಇದ್ದರೆ ಸಾಕು, ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಲ್ಯಾಬಿನ ಹಳೇ ಕಂಪ್ಯೂಟರಿಗೂ ಭಾರವಾಗದು. ಕರೆಂಟ್ ಹೋಗುವ ಊರಾದರೆ ಬರೆದದ್ದನ್ನು ಆಗಾಗ ಸೇವ್ ಮಾಡುತ್ತಿರಿ.

ಮೊದಲು 8051ರ ಒಳಗೇ ಇರುವ ಟೈಮರ್ 0 ತೆಗೆದುಕೊಳ್ಳಿ. 12 ಮೆಗಾಹರ್ಟ್ಸ್ ಕ್ಲಾಕ್‌ಗೆ ಒಂದು ಮಷೀನ್ ಸೈಕಲ್ ಅಂದರೆ 1 ಮೈಕ್ರೋಸೆಕೆಂಡ್. 50 ಮಿಲಿಸೆಕೆಂಡ್ ಬೇಕಾದರೆ 65536ರಲ್ಲಿ 50000 ಕಳೆದು ಉಳಿದ 15536 ತುಂಬಬೇಕು: ಟೈಮರಿನ ಮೇಲಿನ ಬೈಟ್ ಟಿಎಚ್0ಗೆ 60, ಕೆಳಗಿನ ಬೈಟ್ ಟಿಎಲ್0ಗೆ 176. ಮೋಡ್ 1 (16 ಬಿಟ್ ಎಣಿಕೆ) ಇಟ್ಟು, ಇಟಿ0 (ಈ ಟೈಮರಿನ ಇಂಟರಪ್ಟಿಗೆ ಅನುಮತಿ) ಮತ್ತು ಇಎ (ಎಲ್ಲ ಇಂಟರಪ್ಟಿಗೂ ಮುಖ್ಯ ಸ್ವಿಚ್) ಎರಡೂ ಬಿಟ್ ಸೆಟ್ ಮಾಡಿ, ಟೈಮರ್ ಓಡಿಸುವ ಟಿಆರ್0 ಏರಿಸಿ. ಇಎ ಮರೆಯುವುದು ತೀರಾ ಸಾಮಾನ್ಯ. ಎಣಿಕೆ ತುಂಬಿತೆಂದು ಹೇಳುವ ಟಿಎಫ್0 ಏರಿಯೇ ಇರುತ್ತದೆ, ಆದರೂ ಯಾರೂ ಕರೆಗೆ ಓಗೊಡುವುದಿಲ್ಲ.

ಈಗ ಒಂದೊಂದೇ ಇನ್‌ಸ್ಟ್ರಕ್ಷನ್ ನಡೆಸಿ ನೋಡಿ. ಟೈಮರಿನ ಬೆಲೆಯನ್ನು ಕೊನೆಯ ಹತ್ತಿಪ್ಪತ್ತು ಎಣಿಕೆ ಮಾತ್ರ ಉಳಿಯುವಂತೆ ಕೊಟ್ಟರೆ ಕಾಯುವ ಗೋಜಿಲ್ಲ. ಮುಖ್ಯ ಪ್ರೋಗ್ರಾಂ 0045 ವಿಳಾಸದಲ್ಲಿ (ವಿಳಾಸಗಳೆಲ್ಲ ಹೆಕ್ಸ್‌ನಲ್ಲಿ) ತನ್ನಲ್ಲೇ ಸುತ್ತುತ್ತಿದೆ ಎನ್ನೋಣ. ಟಿಎಫ್0 ಏರಿತು, ವಾಪಸು ವಿಳಾಸ ಇಡುವ ಜಾಗ ತೋರಿಸುವ ಸ್ಟ್ಯಾಕ್ ಪಾಯಿಂಟರ್ 07ರಿಂದ 09ಕ್ಕೆ ಹೋಯಿತು, ಮೆಮೊರಿಯ 08ರಲ್ಲಿ 45, 09ರಲ್ಲಿ 00 ಕೂತಿತು, ಟಿಎಫ್0 ತಾನೇ ಇಳಿಯಿತು, ಮುಂದಿನ ಇನ್‌ಸ್ಟ್ರಕ್ಷನ್ ಎಲ್ಲಿದೆಯೆಂದು ಹೇಳುವ ಪ್ರೋಗ್ರಾಂ ಕೌಂಟರ್ ಟೈಮರ್ 0ರ ವೆಕ್ಟರ್ (ಇಂಟರಪ್ಟ್ ಬಂದಾಗ ಹಾರುವ ನಿಗದಿತ ವಿಳಾಸ) 000ಬಿಗೆ ಹಾರಿತು. ಪಾಠ ಮಾಡುವವರು ಬೋರ್ಡಿನ ಮೇಲೆ ಎಷ್ಟು ಬಾಣ ಎಳೆದರೂ ಇಷ್ಟು ಸ್ಪಷ್ಟವಾಗದು.

ಅದೇ ಕಿಟಕಿಯಲ್ಲಿ ಇನ್ನೊಂದು ಅಪಾಯವೂ ಕಾಣುತ್ತದೆ. 08 ಅಂದರೆ ರಿಜಿಸ್ಟರ್ ಬ್ಯಾಂಕ್ 1ರ ಆರ್0. ಐಎಸ್‌ಆರ್‌ನಲ್ಲಿ (ಇಂಟರಪ್ಟ್ ಬಂದಾಗ ಓಡುವ ಪ್ರೋಗ್ರಾಂ ತುಣುಕು) ಬ್ಯಾಂಕ್ 1 ಬಳಸಿ ಆರ್0ಗೆ ಏನಾದರೂ ಬರೆದರೆ ವಾಪಸು ಹೋಗುವ ವಿಳಾಸವೇ ಅಳಿದುಹೋಯಿತು. ಆದ್ದರಿಂದ ಪ್ರೋಗ್ರಾಮಿನ ಆರಂಭದಲ್ಲೇ ಸ್ಟ್ಯಾಕ್ ಪಾಯಿಂಟರಿಗೆ 47 (ಹೆಕ್ಸ್‌ನಲ್ಲಿ 2ಎಫ್) ಕೊಟ್ಟು ಮೇಲೆ ಸರಿಸಿ. ಲೆಕ್ಕದ ರಿಜಿಸ್ಟರ್ ಎ ಮತ್ತು ಕ್ಯಾರಿಯಂಥ ಬಿಟ್‌ಗಳಿರುವ ಪಿಎಸ್‌ಡಬ್ಲ್ಯೂ ತಾವಾಗಿ ಉಳಿಯುವುದಿಲ್ಲ, ಅವನ್ನು ನೀವೇ ಸ್ಟ್ಯಾಕಿಗೆ ಪುಶ್ ಮಾಡಬೇಕು. ಕ್ಯಾರಿ ನೋಡಿ ನಿರ್ಧರಿಸುವ ಪ್ರೋಗ್ರಾಂ ಯಾವಾಗಲೋ ಒಮ್ಮೆ ತಪ್ಪು ಉತ್ತರ ಕೊಡುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಇನ್ನು ಎರಡು ವೆಕ್ಟರ್‌ಗಳ ನಡುವೆ ಇರುವುದು 8 ಬೈಟ್ ಜಾಗ. ಅಲ್ಲಿ ಒಂದು ಲಾಂಗ್ ಜಂಪ್ ಇಟ್ಟು ಹೊರಗೆ ಹೋಗುವುದೇ ಲೇಸು. ಕೊನೆಯಲ್ಲಿ ಇಂಟರಪ್ಟಿನಿಂದ ಮರಳುವ ಆರ್‌ಇಟಿಐ ಬದಲು ಸಾಮಾನ್ಯ ಆರ್‌ಇಟಿ ಬರೆದರೆ, ಇಂಟರಪ್ಟ್ ಇನ್ನೂ ಮುಗಿದಿಲ್ಲ ಎಂದೇ 8051 ತಿಳಿಯುತ್ತದೆ. ಅದೇ ಮಟ್ಟದ ಮತ್ತೊಂದು ಇಂಟರಪ್ಟ್ ಆಮೇಲೆ ಬರುವುದೇ ಇಲ್ಲ. "ಒಂದೇ ಸಲ ಬಂದು ನಿಂತುಹೋಯ್ತು ಸರ್" ಎನ್ನುವ ದೂರಿಗೆ ಬಹುತೇಕ ಇದೇ ಕಾರಣ.

ಸಿಮ್ಯುಲೇಟರಿನ ಎಡಿಸಿ (ಸೆನ್ಸರಿನ ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ಈ ಕಲಿಕೆಗೆ ಬಹಳ ಒದಗುತ್ತದೆ. ಗಂಗಾವತಿಯ ರೈಸ್ ಮಿಲ್ಲಿನ ಭತ್ತದ ಡ್ರೈಯರಿಗೆ ತಾಪಮಾನ ಓದುವ ಪ್ರಾಜೆಕ್ಟ್ ಮಾಡುವವರು ಸೆನ್ಸರ್ ಕೊಳ್ಳುವ ಮೊದಲೇ ಇಲ್ಲಿನ ಸ್ಲೈಡರ್ ಎಳೆದು ಪೂರ್ತಿ ಪ್ರೋಗ್ರಾಂ ಪರೀಕ್ಷಿಸಬಹುದು. ಮೊದಲೇ ಕೊಟ್ಟಿರುವ ಜೋಡಣೆಯಲ್ಲಿ ಪಿ3.6 ಪಿನ್ ಇಳಿಸಿ ಏರಿಸಿದರೆ ಪರಿವರ್ತನೆ ಶುರು. ಮುಗಿದಾಗ ಎಡಿಸಿಯ ಇಂಟರಪ್ಟ್ ಗೆರೆ ಪಿ3.2ನ್ನು ಕೆಳಗೆಳೆಯುತ್ತದೆ. ಐಎಸ್‌ಆರ್‌ನಲ್ಲಿ ಎಡಿಸಿಯ ರೀಡ್ ಗೆರೆಯಾದ ಪಿ3.7 ಇಳಿಸಿ, ಪಿ2 ಓದಿ, ಪಿ3.7 ಏರಿಸಿ. ಐಟಿ0 ಬಿಟ್ 1 ಮಾಡಿ ಎಡ್ಜ್ ಮೇಲೆ (ಗೆರೆ ಇಳಿಯುವ ಕ್ಷಣಕ್ಕೆ ಮಾತ್ರ) ಇಡುವುದನ್ನು ಮರೆಯಬೇಡಿ. ಲೆವೆಲ್ ಮೇಲೆ (ಗೆರೆ ಕೆಳಗಿರುವಷ್ಟು ಹೊತ್ತೂ) ಇಟ್ಟು ಪಿ3.7 ಇಳಿಸುವುದನ್ನೂ ಬಿಟ್ಟರೆ ಗೆರೆ ಕೆಳಗೇ ನಿಂತು ಐಎಸ್‌ಆರ್ ಮತ್ತೆ ಮತ್ತೆ ಓಡುತ್ತದೆ. ಆಗ ಮುಖ್ಯ ಪ್ರೋಗ್ರಾಂ ಪೂರ್ತಿ ನಿಂತಿರುವುದಿಲ್ಲ, ಪ್ರತಿ ಆರ್‌ಇಟಿಐ ನಂತರ ಒಂದೇ ಒಂದು ಇನ್‌ಸ್ಟ್ರಕ್ಷನ್ ನಡೆದು ಮತ್ತೆ ಸಿಕ್ಕಿಬೀಳುತ್ತದೆ. ಸೀರಿಯಲ್ ಪೋರ್ಟಿನಲ್ಲಿ ಕಳಿಸಿದ್ದು, ಬಂದದ್ದು ಹೇಳುವ ಟಿಐ, ಆರ್‌ಐ ಬಿಟ್‌ಗಳನ್ನು ನೀವೇ ಅಳಿಸದಿದ್ದರೂ ಇದೇ ಗತಿ.

ಕೊರತೆ ಅಂದರೆ ವೇಗ. ಅಪ್‌ಡೇಟ್ ಫ್ರೀಕ್ವೆನ್ಸಿ 1ರಲ್ಲಿದ್ದರೆ ಪ್ರತಿ ಇನ್‌ಸ್ಟ್ರಕ್ಷನ್‌ಗೂ ಪರದೆ ಹೊಸದಾಗುತ್ತದೆ, 50 ಮಿಲಿಸೆಕೆಂಡ್ ಮುಗಿಯಲು ಬೇಜಾರಾಗುವಷ್ಟು ಹೊತ್ತು ಬೇಕು. ಕೆಟ್ಟುಹೋಗಿದೆ ಎಂದುಕೊಂಡು ಮುಚ್ಚಬೇಡಿ, ಆ ಸಂಖ್ಯೆ ಹೆಚ್ಚಿಸಿ. ಹೆಚ್ಚಿಸಿದಷ್ಟೂ ನಡುವಿನ ಬದಲಾವಣೆಗಳು ಕಣ್ಣಿಗೆ ತಪ್ಪುತ್ತವೆ, ಹಾಗಾಗಿ ಇಂಟರಪ್ಟ್ ಹತ್ತಿರ ಬಂದಾಗ ನಿಲ್ಲಿಸಿ ಹೆಜ್ಜೆ ಹೆಜ್ಜೆಯಾಗಿ ನಡೆಸುವುದು ಒಳ್ಳೆಯದು. ಗೋಡೆ ಗಡಿಯಾರ ನೋಡದೆ ಮೇಲಿನ ಟೈಮ್ ಎಣಿಕೆಯನ್ನೇ ನಂಬಿ. ಅದರಲ್ಲೇ ಗೊತ್ತಾಗುತ್ತದೆ: ಮೋಡ್ 1ರಲ್ಲಿ ಟೈಮರನ್ನು ಮತ್ತೆ ತುಂಬುವಷ್ಟರಲ್ಲಿ ಹಾರ್ಡ್‌ವೇರ್ ಕರೆಗೆ 2, ಲಾಂಗ್ ಜಂಪಿಗೆ 2 ಎಂದು ಸೈಕಲ್‌ಗಳು ಸೋರಿ ಪ್ರತಿ ಸುತ್ತೂ ತುಸು ಉದ್ದವಾಗುತ್ತದೆ. ಗಡಿಯಾರದ ಪ್ರಾಜೆಕ್ಟಾದರೆ 8 ಬಿಟ್ ಎಣಿಕೆಯ ಮೋಡ್ 2ಕ್ಕೆ ಬನ್ನಿ. ಟಿಎಚ್0ಗೆ 6 ಕೊಟ್ಟರೆ ತಾನೇ ತುಂಬಿಕೊಂಡು 250 ಮೈಕ್ರೋಸೆಕೆಂಡಿಗೊಮ್ಮೆ ಬರುತ್ತದೆ, 4000 ಸಲ ಎಣಿಸಿದರೆ 1 ಸೆಕೆಂಡ್.

ಮಿಲ್ಲಿನ ಮೋಟಾರ್ ಎಬ್ಬಿಸುವ ನಾಯ್ಸ್, ಸಡಿಲ ಜಂಪರ್ ವೈರ್, ಗ್ರೌಂಡ್ ಸೇರಿಸದ ಸೆನ್ಸರ್ ಇವು ಯಾವುದೂ ಇದರಲ್ಲಿ ಸಿಗುವುದಿಲ್ಲ. ಇಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಬೋರ್ಡಿನ ಮೇಲೆ ಸುಳ್ಳು ಇಂಟರಪ್ಟ್ ತೋರಿಸಿದರೆ ಕೋಡ್ ತಿದ್ದಲು ಕೂರುವ ಮೊದಲು ಪಿ3.2ರ ವೈರನ್ನು ಮುಟ್ಟಿ ನೋಡಿ.