ಸಾಫ್ಟ್‌ಬಾಲ್ ಆಡುವ ಮಗಳನ್ನು ಜಿಮ್‌ಗೆ ಕಳಿಸಿ ನಾನು ಮಾಡಿಕೊಂಡ ಎಡವಟ್ಟು

ಸಾಫ್ಟ್‌ಬಾಲ್ ಬೇಸ್‌ಬಾಲ್ ತರಹದ ಆಟ. ಆದರೆ ಬಳ್ಳಾರಿಯಲ್ಲಿ ಸಾಫ್ಟ್‌ಬಾಲ್ ಅಂದರೆ ಅರ್ಧ ಜನ ಟೆನಿಸ್ ಬಾಲ್ ಕ್ರಿಕೆಟ್ ಅಂದುಕೊಳ್ಳುತ್ತಾರೆ. ನಮ್ಮ ಜಿಮ್ ಟ್ರೇನರ್ ಕೂಡ ಹಾಗೇ ಅಂದುಕೊಂಡಿದ್ದ ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ.

ಮಗಳು ಪಿಚರ್, ಅಂದರೆ ಬ್ಯಾಟ್ ಮಾಡುವವರಿಗೆ ಬಾಲ್ ಎಸೆಯುವವಳು. ಕಳೆದ ಬೇಸಿಗೆಗೆ ಫಸ್ಟ್ ಪಿಯುಸಿ ಮುಗಿಸಿದ್ದಳು. ಡಿಗ್ರಿಗೆ ಹೋದ ಮೇಲೆ ಯೂನಿವರ್ಸಿಟಿ ಟೀಮಿನಲ್ಲಿ ಆಡಬೇಕು ಅಂತ ಆಸೆ. ಹೆಂಗಸರ ಪಂದ್ಯದಲ್ಲಿ 43 ಅಡಿ ದೂರದಿಂದ ಕೈ ಪೂರ್ತಿ ಸುತ್ತು ಹಾಕಿ ಕೆಳಗಿನಿಂದ ಎಸೆಯಬೇಕು. ಶಕ್ತಿ ಬೇಕೇ ಬೇಕು. ಅದಕ್ಕೆ ಜಿಮ್‌ಗೆ ಸೇರಿಸಿದೆ, ಮೂರು ತಿಂಗಳ ಫೀಸು ಮುಂಗಡ ಕಟ್ಟಿ.

ಎರಡನೇ ವಾರಕ್ಕೇ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ರಾಡನ್ನು ಎತ್ತಿ ನೆಟ್ಟಗೆ ನಿಲ್ಲೋದು, 50 ಕೆಜಿ. ಟ್ರೇನರ್ ವಿಡಿಯೋ ಮಾಡಿ ಕಳಿಸಿದ, ನಾನು ಹೆಮ್ಮೆಯಿಂದ ನೆಂಟರಿಗೆಲ್ಲ ಕಳಿಸಿದೆ. ಈಗ ಆ ವಿಡಿಯೋ ನೋಡಿದರೆ ಹೊಟ್ಟೆ ಉರಿಯುತ್ತದೆ. ರಾಡ್ ನೆಲ ಬಿಡುವಾಗ ಅವಳ ಬೆನ್ನು ಬಿಲ್ಲಿನ ಹಾಗೆ ಬಾಗಿದೆ, ಹಿಂದಿನಿಂದ "ಇನ್ನೊಂದು, ಇನ್ನೊಂದು" ಅಂತ ಕೂಗು. ಬೆಳಿಗ್ಗೆ ಗ್ರೌಂಡಿನಲ್ಲಿ ನೂರು ಬಾಲ್ ಎಸೆದು ಬಂದಿರುತ್ತಾಳೆ ಅನ್ನೋದನ್ನು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ವಾರಕ್ಕೆ ಆರು ದಿನ ಇದೇ ಕಥೆ. ಮೇಲೊಂದು ಪ್ರೋಟೀನ್ ಡಬ್ಬಿ ಬೇರೆ ಮಾರಿದ. ಅದು ಹೋಗಲಿ ಬಿಡಿ.

ಜೂನ್ ಹೊತ್ತಿಗೆ ಸೊಂಟ ನೋವು ಅಂದಳು. "ಮಸಲ್ ಪೇನ್ ಸಾರ್, ಒಳ್ಳೇದೇ" ಅಂದ ಟ್ರೇನರ್. ಒಂದು ದಿನ ಶೂ ಲೇಸ್ ಕಟ್ಟೋಕೆ ಬಗ್ಗಿದವಳು ಹಾಗೇ ನೆಲಕ್ಕೆ ಕೂತುಬಿಟ್ಟಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರ್ ಒಂದೇ ಕಾಲಿನ ಮೇಲೆ ನಿಲ್ಲಿಸಿ ಹಿಂದಕ್ಕೆ ಬಾಗಿಸಿದಾಗ ಚೀರಿದಳು. ಎಂಆರ್‌ಐ ಮಾಡಿಸಿದರೆ ಬೆನ್ನೆಲುಬಿನ ಕೆಳಗಡೆ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಒತ್ತಡ ಬಿದ್ದು ಮೂಳೆಯಲ್ಲಿ ಆಗುವ ಸಣ್ಣ ಬಿರುಕು. ಪಿಚಿಂಗ್‌ನಲ್ಲಿ ಬೆನ್ನು ಹಿಂದಕ್ಕೆ ಬಾಗಿ ತಿರುಗೋದರಿಂದ ಮೊದಲೇ ಅಲ್ಲಿ ಒತ್ತಡ. ಅದರ ಮೇಲೆ ಈ ಭಾರ. ಮೂರು ತಿಂಗಳು ಬಾಲ್ ಮುಟ್ಟೋ ಹಾಗಿಲ್ಲ. ಆ ಸಲದ ಸೆಲೆಕ್ಷನ್ ಅಲ್ಲಿಗೇ ಮುಗಿಯಿತು.

ಮಕ್ಕಳು ಭಾರ ಎತ್ತಲೇಬಾರದು ಅಂತ ನಾನು ಹೇಳುತ್ತಿಲ್ಲ. ಎತ್ತಿದರೆ ಕುಳ್ಳಗಾಗುತ್ತಾರೆ ಅನ್ನೋದೂ ಸುಳ್ಳು. ಈಗ ಫಿಸಿಯೋ ಹತ್ತಿರ ಅವಳು ಮಾಡುವುದೂ ಸ್ಟ್ರೆಂತ್ ಟ್ರೇನಿಂಗೇ. ಆದರೆ ವಾರಕ್ಕೆ ಎರಡು ದಿನ, ನಡುವೆ ಬಿಡುವು. ಮೊದಲ ತಿಂಗಳು ಬರೀ ಮೈಭಾರದ ಸ್ಕ್ವಾಟ್, ಪ್ಲ್ಯಾಂಕ್, ಭುಜದ ಹಿಂಭಾಗಕ್ಕೆ ರಬ್ಬರ್ ಬ್ಯಾಂಡ್. ಆಮೇಲೆ ಖಾಲಿ ರಾಡ್. ಬೆನ್ನು ನೇರ ಇಲ್ಲದಿದ್ದರೆ ಒಂದು ಕೆಜಿಯೂ ಏರಿಸುವುದಿಲ್ಲ. ಪಿಚರ್‌ಗೆ ವೇಗ ಬರೋದು ಕಾಲು, ಸೊಂಟದಿಂದ, ಬರೀ ತೋಳಿನಿಂದ ಅಲ್ಲ ಅಂತ ಅವರು ಮೊದಲ ದಿನವೇ ಹೇಳಿದರು. ಅದಕ್ಕೂ ಮೊದಲು ದಿನಕ್ಕೆ ಎಷ್ಟು ಬಾಲ್ ಎಸೆಯುತ್ತೀ, ಹಳೇ ನೋವು ಏನಾದರೂ ಇದೆಯಾ ಅಂತ ಕೇಳಿ ಬರೆದುಕೊಂಡರು. ನಿಮ್ಮ ಟ್ರೇನರ್ ಇಷ್ಟೂ ಕೇಳದಿದ್ದರೆ ಫೀಸು ಕಟ್ಟದೆ ಎದ್ದು ಬನ್ನಿ.

ನಾನು ಉಳಿದ ಫೀಸು ವಾಪಸ್ ಕೇಳೋಕೆ ಹೋಗಿದ್ದೆ. "ವಾಪಸ್ ಆಗಲ್ಲ ಸಾರ್, ಹುಷಾರಾದ ಮೇಲೆ ಕಳಿಸಿ, ಆ ದಿನಗಳನ್ನ ಅಡ್ಜಸ್ಟ್ ಮಾಡೋಣ" ಅಂದ.